ಚೆಕ್‌ಸಮ್ ಯಾವ ಬಗೆಯದು ಅಂತ ಹೇಳುವ ಚಿಕ್ಕ ಟೂಲ್ ಬರೆದಿದ್ದೇನೆ, ಆದರೆ 61 ಫೈಲ್ ತಾಳೆ ಆಗುತ್ತಿಲ್ಲ

ಹಳೇಟೇಪು:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಸಮಾಧಾನದಿಂದ ಓದಿ.

ನಮ್ಮೂರಿನ ತಾಳಮದ್ದಳೆ ಕೂಟಗಳನ್ನು ಅಪ್ಪ ಕ್ಯಾಸೆಟ್‌ನಲ್ಲಿ ಹಿಡಿದಿಟ್ಟಿದ್ದರು. 2009ರಲ್ಲಿ ದೊಡ್ಡಪ್ಪನ ಮಗ ಒಂದು ಇಡೀ ಮಳೆಗಾಲ ಕೂತು ಒಂದೊಂದೇ ಕ್ಯಾಸೆಟ್ ಓಡಿಸಿ ಎಂಪಿ3 ಮಾಡಿದ. ಒಟ್ಟು 412 ಫೈಲ್. ಕೆಲವು ಕ್ಯಾಸೆಟ್‌ನ ಇಡೀ ಒಂದು ಬದಿ, ಕೆಲವು ಒಂದೊಂದೇ ಪದ್ಯ ಕತ್ತರಿಸಿ ಇಟ್ಟದ್ದು. ಈಗ ಆ ಹಾರ್ಡ್ ಡಿಸ್ಕ್ ತಿರುಗುವಾಗ ಟಿಕ್ ಟಿಕ್ ಅನ್ನುತ್ತಿದೆ. ಗಾಬರಿಯಾಗಿ ಎಲ್ಲವನ್ನೂ ಹೊಸ ಡಿಸ್ಕಿಗೆ ಇಳಿಸಿಕೊಂಡೆ. ಇಳಿಸಿಕೊಂಡದ್ದು ಸರಿಯಾಗಿ ಬಂದಿದೆಯಾ ಅಂತ ಹೇಗೆ ತಿಳಿಯುವುದು? 412 ಫೈಲನ್ನೂ ಕಿವಿಗೊಟ್ಟು ಕೇಳಲು ತಿಂಗಳುಗಟ್ಟಲೆ ಬೇಕು.

ಪುಣ್ಯಕ್ಕೆ ಆ ಅಣ್ಣ ಒಂದು ಟೆಕ್ಸ್ಟ್ ಫೈಲ್ ಮಾಡಿಟ್ಟಿದ್ದ. ಪ್ರತಿ ಸಾಲಿನಲ್ಲಿ ಒಂದು ಫೈಲಿನ ಹೆಸರು, ಅದರ ಮುಂದೆ ಒಂದು ಚೆಕ್‌ಸಮ್, ಅಂದರೆ ಫೈಲಿನಲ್ಲಿರುವುದನ್ನೆಲ್ಲ ಲೆಕ್ಕ ಹಾಕಿ ತೆಗೆದ, ಬೆರಳಚ್ಚಿನಂಥ ಒಂದು ಮೊತ್ತ. ಯಾವ ಬಗೆಯ ಚೆಕ್‌ಸಮ್ ಅಂತ ಮಾತ್ರ ಎಲ್ಲೂ ಬರೆದಿಲ್ಲ. ಕೇಳೋಣ ಅಂದರೆ ಅಣ್ಣ ಈಗ ನಮ್ಮೊಂದಿಗಿಲ್ಲ.

96 ಸಾಲುಗಳಲ್ಲಿ 8 ಅಕ್ಷರ ಇದೆ. ಉಳಿದ 316ರಲ್ಲಿ 32 ಅಕ್ಷರ. ಇದನ್ನು ಬಿಡಿಸಲು ಪೈಥಾನ್‌ನಲ್ಲಿ ಒಂದು ಪುಟ್ಟ ಟೂಲ್ ಬರೆದೆ. ಅದು ಮಾಡುವುದು ಇಷ್ಟೇ. ಮೊದಲು ಸಾಲಿನಲ್ಲಿರುವ ಖಾಲಿ ಜಾಗ, ಅಡ್ಡಗೆರೆ ತೆಗೆಯುತ್ತದೆ, ದೊಡ್ಡಕ್ಷರಗಳನ್ನು ಚಿಕ್ಕದು ಮಾಡುತ್ತದೆ. ಆಮೇಲೆ ಉದ್ದ ಎಣಿಸುತ್ತದೆ. 8 ಇದ್ದರೆ ಸಿಆರ್‌ಸಿ32, 32 ಇದ್ದರೆ ಎಂಡಿ5, 40 ಇದ್ದರೆ ಷಾ1, 64 ಇದ್ದರೆ ಷಾ256, 128 ಇದ್ದರೆ ಷಾ512 ಅಂತ ಹೇಳುತ್ತದೆ. ಕೊನೆಗೆ ಆ ಬಗೆಯಲ್ಲೇ ಫೈಲಿನ ಲೆಕ್ಕ ಹಾಕಿ ತಾಳೆ ನೋಡುತ್ತದೆ.

8 ಅಕ್ಷರದ 96ಕ್ಕೆ 96ರೂ ತಾಳೆ ಆದವು. 32 ಅಕ್ಷರದವುಗಳಲ್ಲಿ 255 ತಾಳೆ ಆದವು. 61 ಆಗುತ್ತಿಲ್ಲ. ಇಷ್ಟು ಫೈಲ್ ಕೆಟ್ಟು ಹೋಗಿವೆ ಅಂತ ನಂಬಲು ಮನಸ್ಸು ಒಪ್ಪುತ್ತಿಲ್ಲ. ಕೆಲವನ್ನು ಕೇಳಿ ನೋಡಿದೆ, ಚೆನ್ನಾಗಿಯೇ ಇವೆ. ಎಲ್ಲಿ ತಪ್ಪುತ್ತಿದ್ದೇನೆ?

ಗುಬ್ಬಚ್ಚಿ:

ನನಗೆ ಈ ವಿಷಯ ಹೊಸದು. ಉದ್ದ ನೋಡಿ ಬಗೆ ಹೇಳುವುದು ಹೇಗೆ? ದೊಡ್ಡ ಫೈಲಿಗೆ ದೊಡ್ಡ ಚೆಕ್‌ಸಮ್ ಬರುವುದಿಲ್ಲವಾ?

ಅಂಕಿಸಂಖ್ಯೆ:

ಇಲ್ಲ. ಫೈಲ್ ಎಷ್ಟೇ ದೊಡ್ಡದಿರಲಿ, ಒಂದು ಬಗೆಯ ಚೆಕ್‌ಸಮ್ ಯಾವಾಗಲೂ ಒಂದೇ ಉದ್ದ. ಎಂಡಿ5 ಅಂದರೆ 128 ಬಿಟ್. ಅದನ್ನು 0ಯಿಂದ 9, ಎ ಯಿಂದ ಎಫ್ ವರೆಗಿನ 16 ಅಕ್ಷರಗಳಲ್ಲಿ (ಇದಕ್ಕೆ ಹೆಕ್ಸ್ ಅನ್ನುತ್ತಾರೆ) ಬರೆದರೆ ಒಂದು ಅಕ್ಷರಕ್ಕೆ 4 ಬಿಟ್, ಹಾಗಾಗಿ 32 ಅಕ್ಷರ. ಖಾಲಿ ಫೈಲಿಗೂ ಎಂಡಿ5 ಇದೆ. ಅದು ಡಿ41ಡಿ8ಸಿಡಿ9 ಅಂತ ಶುರುವಾಗುತ್ತದೆ. ಈ ಎಂಟು ಅಕ್ಷರ ನೆನಪಿಟ್ಟುಕೊಳ್ಳಿ, ತುಂಬಾ ಸಲ ಉಪಯೋಗಕ್ಕೆ ಬರುತ್ತದೆ. ಯಾವುದಾದರೂ ಪಟ್ಟಿಯಲ್ಲಿ ಇದು ಕಂಡರೆ ಲೆಕ್ಕ ಹಾಕಿದ ಹೊತ್ತಿಗೆ ಆ ಫೈಲಿನಲ್ಲಿ ಏನೂ ಇರಲಿಲ್ಲ ಅಂತ ಅರ್ಥ. ಷಾ1ರಲ್ಲಿ ಖಾಲಿ ಫೈಲ್ ಡಿಎ39ಎ3ಇಇ ಅಂತ ಶುರು, ಷಾ256ರಲ್ಲಿ ಇ3ಬಿ0ಸಿ442.

ಹಳೇಟೇಪು ಅವರಿಗೆ ಒಂದು ಮಾತು. ನಿಮ್ಮ ಟೂಲ್‌ನ ಅರ್ಧ ತುಂಬಾ ಚೆನ್ನಾಗಿದೆ. ಇನ್ನರ್ಧದಲ್ಲಿ ಅವಸರ ಇದೆ. 32 ಅಕ್ಷರ ಕಂಡ ಕೂಡಲೇ ಎಂಡಿ5 ಅಂತ ಮುದ್ರೆ ಒತ್ತುತ್ತಿದ್ದೀರಿ. ಎಂಡಿ2, ಎಂಡಿ4 ಕೂಡ 32 ಅಕ್ಷರವೇ. ಮೂರನ್ನೂ ಮಾಡಿದವರು ಒಬ್ಬರೇ, ರಾನ್ ರಿವೆಸ್ಟ್. 40 ಅಕ್ಷರ ಷಾ1 ಇರಬಹುದು, ರೈಪ್‌ಎಂಡಿ-160 ಇರಬಹುದು. 64 ಅಕ್ಷರಕ್ಕಂತೂ ದೊಡ್ಡ ಸಾಲೇ ಇದೆ: ಷಾ256, ಷಾ3-256, ಬ್ಲೇಕ್2ಎಸ್, ಬ್ಲೇಕ್3. 128ಕ್ಕೆ ಷಾ512, ಷಾ3-512, ಬ್ಲೇಕ್2ಬಿ, ವರ್ಲ್‌ಪೂಲ್. ಮುಖ ನೋಡಿ ಇವುಗಳನ್ನು ಬೇರೆ ಮಾಡಲು ಆಗುವುದೇ ಇಲ್ಲ. ಎಲ್ಲವೂ ಒಂದೇ ಥರ ಕಲಸಿದ ಅಕ್ಷರಗಳು.

ಆದರೆ ನಿಮ್ಮ ಕೈಯಲ್ಲಿ ಫೈಲ್ ಇದೆಯಲ್ಲ! ಅದನ್ನು ಯಾಕೆ ಕೊನೆಗೆ ಕೇಳುತ್ತೀರಿ? ಮೊದಲೇ ಕೇಳಿ. ಆ ಉದ್ದಕ್ಕೆ ಸರಿಹೋಗುವ ಎಲ್ಲ ಬಗೆಗಳನ್ನೂ ಫೈಲಿನ ಮೇಲೆ ಓಡಿಸಿ. ಯಾವುದು ತಾಳೆ ಆಗುತ್ತದೋ ಅದೇ ಬಗೆ. ಆಗ ಊಹೆ ಮಾಡುವ ಪ್ರಶ್ನೆಯೇ ಬರುವುದಿಲ್ಲ. ಬಗೆ ಯಾವುದು, ಫೈಲ್ ಸರಿ ಇದೆಯಾ, ಎರಡಕ್ಕೂ ಒಂದೇ ಏಟಿಗೆ ಉತ್ತರ.

ಭದ್ರಬೀಗ:

ಇದಕ್ಕೆಲ್ಲ ಟೂಲ್‌ಗಳು ಈಗಾಗಲೇ ಇವೆ ಅಲ್ವಾ? ಹ್ಯಾಶ್-ಐಡೆಂಟಿಫೈಯರ್, ಹ್ಯಾಶ್‌ಐಡಿ, ನೇಮ್-ದಟ್-ಹ್ಯಾಶ್. ಸಾಲು ಅಂಟಿಸಿದರೆ ಸಾಕು, ಹೇಳುತ್ತವೆ.

ಅಂಕಿಸಂಖ್ಯೆ:

ಒಳ್ಳೆಯ ಟೂಲ್‌ಗಳೇ. ಆದರೆ ಅವು ಬೇರೆ ಕೆಲಸಕ್ಕೆ ಹುಟ್ಟಿದವು. ಅಲ್ಲಿ ಕೈಯಲ್ಲಿರುವುದು ಪಾಸ್‌ವರ್ಡ್‌ನ ಹ್ಯಾಶ್ (ಚೆಕ್‌ಸಮ್‌ನಂಥದ್ದೇ ಮೊತ್ತ) ಮಾತ್ರ, ಮೂಲ ಪಾಸ್‌ವರ್ಡ್ ಇರುವುದಿಲ್ಲ. ಹಾಗಾಗಿ ರೂಪ ನೋಡಿಯೇ ಹೇಳಬೇಕು. 32 ಅಕ್ಷರ ಕೊಟ್ಟರೆ ಇದಿರಬಹುದು, ಅದಿರಬಹುದು ಅಂತ ಒಂದು ಉದ್ದ ಪಟ್ಟಿ ಕೊಡುತ್ತವೆ. ಫೈಲ್ ತಾಳೆ ನೋಡುವವರಿಗೆ ಆ ಪಟ್ಟಿಯಿಂದ ಹೆಚ್ಚು ಉಪಯೋಗ ಇಲ್ಲ. ನಮ್ಮಲ್ಲಿ ಮೂಲವೇ ಇದೆ. ಹಳೇಟೇಪು ಬರೆಯುತ್ತಿರುವಂಥ ಚಿಕ್ಕ ಟೂಲ್‌ಗೆ ಜಾಗ ಇರುವುದೇ ಇಲ್ಲಿ.

ಹಳೇಟೇಪು:

ನೀವು ಹೇಳಿದ್ದು ಸರಿ, ಹಾಗೇ ಬದಲಿಸುತ್ತೇನೆ. ಒಂದೇ ಚಿಂತೆ. ಒಂದು ಫೈಲಿಗೆ ಆರೇಳು ಲೆಕ್ಕ ಅಂದರೆ ಹಳೆಯ ಡಿಸ್ಕ್ ತಡೆಯುತ್ತದಾ? ಅದನ್ನು ಮತ್ತೆ ಮತ್ತೆ ಓದಿಸಲು ಭಯ.

ಅಂಕಿಸಂಖ್ಯೆ:

ಹಳೆಯ ಡಿಸ್ಕನ್ನು ಈಗ ಮುಟ್ಟಲೇಬೇಡಿ. ಹೊಸ ಡಿಸ್ಕಿನಲ್ಲಿರುವ ನಕಲಿನ ಮೇಲೆ ಓಡಿಸಿ, ತಾಳೆ ಆಗದವುಗಳಿಗೆ ಮಾತ್ರ ಹಳೆಯದಕ್ಕೆ ಹೋಗೋಣ. ಮತ್ತೆ, ಆರು ಲೆಕ್ಕಕ್ಕೆ ಆರು ಸಲ ಓದಬೇಕಿಲ್ಲ. ಫೈಲನ್ನು ಒಂದೊಂದು ಎಂಬಿ ತುಂಡಾಗಿ ಓದಿ, ಅದೇ ತುಂಡನ್ನು ಎಲ್ಲ ಲೆಕ್ಕಗಳಿಗೂ ಉಣಿಸಿ, ಮುಂದಿನ ತುಂಡಿಗೆ ಹೋಗಿ. ಸಮಯ ತಿನ್ನುವುದು ಹೆಚ್ಚಾಗಿ ಡಿಸ್ಕ್, ಲೆಕ್ಕ ಅಲ್ಲ.

ಪೈಥಾನ್ ಜೊತೆಗೇ ಬರುವ ಜಿಲಿಬ್ ಎಂಬ ಲೈಬ್ರರಿಯಲ್ಲಿ ಸಿಆರ್‌ಸಿ32, ಆಡ್ಲರ್32 ಎರಡೂ ಇವೆ. ಎರಡೂ 8 ಅಕ್ಷರ. ಹ್ಯಾಶ್‌ಲಿಬ್ ಎಂಬ ಲೈಬ್ರರಿಯಲ್ಲಿ ಪೈಥಾನ್ 3.6ರಿಂದ ಷಾ3, ಬ್ಲೇಕ್2 ಕೂಡ ಸಿಗುತ್ತವೆ.

ಗುಬ್ಬಚ್ಚಿ:

8 ಅಕ್ಷರ ಅಂದರೆ ತುಂಬಾ ಚಿಕ್ಕದು. ಸುಮ್ನೆ ಆಕಸ್ಮಿಕವಾಗಿ ತಾಳೆ ಆಗಿಬಿಡಬಹುದಲ್ಲ? ಆ 96 ಫೈಲ್ ನಿಜವಾಗಿ ಸರಿ ಇವೆ ಅಂತ ಹೇಗೆ ನಂಬುವುದು?

ಅಂಕಿಸಂಖ್ಯೆ:

ಒಳ್ಳೆಯ ಪ್ರಶ್ನೆ. 8 ಅಕ್ಷರ ಅಂದರೆ 32 ಬಿಟ್, ಅಂದರೆ 429 ಕೋಟಿಗೂ ಜಾಸ್ತಿ ಬೇರೆ ಬೇರೆ ಮೊತ್ತಗಳು. ಕೆಟ್ಟ ಫೈಲೊಂದು ಆಕಸ್ಮಿಕವಾಗಿ ಸರಿ ಅಂತ ತೋರುವುದು ಅಷ್ಟರಲ್ಲಿ ಒಂದು ಸಲ. 96 ಫೈಲಿಗೆ ಇದು ಧಾರಾಳ ಸಾಕು. ಜಿಪ್ ಫೈಲಿನ ಒಳಗೂ ಇದೇ ಸಿಆರ್‌ಸಿ32 ಕೂತಿರುತ್ತದೆ. ಯಾರಾದರೂ ಬೇಕಂತಲೇ ಫೈಲ್ ತಿದ್ದಿದರೆ ಮಾತ್ರ ಅದು ಕಾಯುವುದಿಲ್ಲ. ತಿದ್ದಿದ ಮೇಲೂ ಅದೇ ಸಿಆರ್‌ಸಿ32 ಬರುವಂತೆ ಮಾಡುವುದು ಸುಲಭ.

ಭದ್ರಬೀಗ:

ಅದನ್ನೇ ನಾನು ಹೇಳಬೇಕು ಅಂತಿದ್ದೆ. ಎಂಡಿ5 ಕೂಡ ಒಡೆದು ಎಷ್ಟೋ ವರ್ಷ ಆಯಿತು. 2004ರಲ್ಲಿ ಚೀನಾದ ಗೂಢಲಿಪಿ ತಜ್ಞೆ ವಾಂಗ್ ಶಿಯಾವ್‌ಯುನ್ ಮತ್ತು ಜೊತೆಗಾರರು ಎರಡು ಬೇರೆ ವಿಷಯಕ್ಕೆ ಒಂದೇ ಎಂಡಿ5 ಬರುವುದನ್ನು ತೋರಿಸಿದರು. 2012ರಲ್ಲಿ ಸಿಕ್ಕಿಬಿದ್ದ ಫ್ಲೇಮ್ ಎಂಬ ಕುತಂತ್ರಾಂಶ ಇದೇ ದೋಷ ಹಿಡಿದು ಮೈಕ್ರೋಸಾಫ್ಟ್ ಹೆಸರಿನ ಸುಳ್ಳು ಸಹಿ ಹಾಕಿಕೊಂಡಿತ್ತು. ಷಾ1 ಕೂಡ 2017ರ ಫೆಬ್ರವರಿಯಲ್ಲಿ ಹೋಯಿತು. ಆಮ್‌ಸ್ಟರ್‌ಡ್ಯಾಮ್‌ನ ಸಿಡಬ್ಲ್ಯುಐ ಸಂಸ್ಥೆ, ಗೂಗಲ್ ಸೇರಿ ಒಂದೇ ಷಾ1 ಇರುವ ಎರಡು ಪಿಡಿಎಫ್ ಮಾಡಿ ತೋರಿಸಿದರು. ಇಂಥ ಟೂಲ್ ಬರೆಯುವವರು ಎಂಡಿ5 ತಾಳೆ ಆಯಿತು ಅಂತ ಹಸಿರು ಗುರುತು ತೋರಿಸುವುದು ಸರಿಯಲ್ಲ ಅಂತ ನನ್ನ ಗಟ್ಟಿ ಅಭಿಪ್ರಾಯ. ಜನ ನಂಬಿಬಿಡುತ್ತಾರೆ.

ಹಳೇಟೇಪು:

ನಿಮ್ಮ ಕಾಳಜಿ ಅರ್ಥವಾಗುತ್ತದೆ. ಆದರೆ ನನ್ನ ಅಪ್ಪನ ಕ್ಯಾಸೆಟ್ ಫೈಲುಗಳನ್ನು ಯಾರೂ ತಿದ್ದಲು ಬಂದಿಲ್ಲ. ನನ್ನ ಶತ್ರು ಹಳೆಯ ಡಿಸ್ಕ್ ಮಾತ್ರ. ಡಿಸ್ಕಿಗೆ ಮೋಸ ಮಾಡುವ ಬುದ್ಧಿ ಇಲ್ಲ. ಅದು ಕೆಡಿಸಿದರೆ ಎಂಡಿ5ನಲ್ಲಿ ಗೊತ್ತಾಗಿಯೇ ಆಗುತ್ತದೆ ಅಲ್ವಾ?

ಅಂಕಿಸಂಖ್ಯೆ:

ಖಂಡಿತ ಗೊತ್ತಾಗುತ್ತದೆ. ಇಬ್ಬರೂ ಸರಿಯಾಗಿಯೇ ಹೇಳುತ್ತಿದ್ದೀರಿ, ಬೇರೆ ಬೇರೆ ಪ್ರಶ್ನೆಗೆ ಉತ್ತರ ಕೊಡುತ್ತಿದ್ದೀರಿ. ಟೂಲ್ ಬಣ್ಣ ತೋರಿಸುವ ಬದಲು ಒಂದು ವಾಕ್ಯ ಬರೆಯಲಿ. "ಎಂಡಿ5 ತಾಳೆ ಆಗಿದೆ. ಫೈಲ್ ತಾನಾಗಿ ಕೆಟ್ಟಿಲ್ಲ. ಯಾರೂ ಬದಲಿಸಿಲ್ಲ ಅಂತ ಇದರಿಂದ ಹೇಳಲಾಗದು." ಷಾ256 ಆದರೆ ಆ ಕೊನೆಯ ಮಾತು ಬೇಡ.

ಆದರೆ ಷಾ256 ಇದ್ದರೂ ಚೆಕ್‌ಸಮ್ ಎಲ್ಲಿಂದ ಬಂತು ಅನ್ನುವುದು ಮುಖ್ಯ. 2016ರ ಫೆಬ್ರವರಿಯಲ್ಲಿ ಲಿನಕ್ಸ್ ಮಿಂಟ್ ಎಂಬ ಆಪರೇಟಿಂಗ್ ಸಿಸ್ಟಮ್‌ನ ಸೈಟಿಗೆ ನುಗ್ಗಿದವರು 17.3 ಸಿನಮನ್‌ನ ಡೌನ್‌ಲೋಡ್ ಕೊಂಡಿಯನ್ನೇ ತಮ್ಮ ಕಡೆಗೆ ತಿರುಗಿಸಿದ್ದರು. ಸೈಟೇ ಅವರ ಕೈಯಲ್ಲಿದ್ದರೆ ಅಲ್ಲಿ ಬರೆದ ಚೆಕ್‌ಸಮ್ ಬದಲಿಸಲು ಎಷ್ಟು ಹೊತ್ತು? ಅದಕ್ಕೇ ಉಬುಂಟು, ಡೆಬಿಯನ್‌ನವರು ಚೆಕ್‌ಸಮ್ ಪಟ್ಟಿಯ ಜೊತೆಗೆ ಅದರ ಮೇಲೊಂದು ಜಿಪಿಜಿ ಎಂಬ ಡಿಜಿಟಲ್ ಸಹಿಯನ್ನೂ ಇಡುತ್ತಾರೆ.

ಭದ್ರಬೀಗ:

ವಾಕ್ಯ ಬರೆಯುವುದು ನನಗೆ ಒಪ್ಪಿಗೆ. ಒಳ್ಳೆಯ ಪರಿಹಾರ.

ಕೋರ್ಟುಕಡತ:

ನಾನು ವಕೀಲರ ಕಚೇರಿಯಲ್ಲಿ ಕಡತ ನೋಡಿಕೊಳ್ಳುವ ಕೆಲಸ ಮಾಡುತ್ತೇನೆ. ಈ ವಿಷಯ ನಮಗೂ ಈಗ ದಿನನಿತ್ಯದ್ದು. ಭಾರತೀಯ ಸಾಕ್ಷ್ಯ ಅಧಿನಿಯಮ 2024ರ ಜುಲೈ 1ರಿಂದ ಜಾರಿಗೆ ಬಂತು. ಅದರ 63ನೇ ಕಲಮಿನ ಪ್ರಕಾರ ವಿಡಿಯೋ, ಆಡಿಯೋ, ಮೊಬೈಲ್ ದಾಖಲೆ ಹಾಜರುಪಡಿಸುವಾಗ ಒಂದು ಪ್ರಮಾಣಪತ್ರ ಕೊಡಬೇಕು. ಅದರ ನಮೂನೆಯಲ್ಲೇ ಹ್ಯಾಶ್ ಬರೆಯುವ ಜಾಗ ಇದೆ. ಪಕ್ಕದಲ್ಲಿ ಷಾ1, ಷಾ256, ಎಂಡಿ5, ಇತರೆ ಅಂತ ಚೌಕಗಳಿವೆ. ಯಾವ ಬಗೆ ಅಂತ ಗುರುತು ಹಾಕಲೇಬೇಕು.

ಒಂದು ಸಲ ಕಕ್ಷಿದಾರರೊಬ್ಬರು ಸಿಸಿಟಿವಿ ತುಣುಕಿನ ಪೆನ್‌ಡ್ರೈವ್ ತಂದರು. ಜೊತೆಗೆ ಒಂದು ಚೀಟಿ. ಚೀಟಿಯಲ್ಲಿ ಉದ್ದನೆಯ ಒಂದು ಸಾಲು, ಕೈಬರಹದಲ್ಲಿ. ಬಗೆ ಬರೆದಿರಲಿಲ್ಲ. ನಾನು ಎರಡು ಸಲ ಎಣಿಸಿದೆ, 63 ಬಂತು. 63 ಉದ್ದದ ಚೆಕ್‌ಸಮ್ ನನಗೆ ಗೊತ್ತಿರುವಂತೆ ಯಾವುದೂ ಇಲ್ಲ. ಬರೆಯುವಾಗ ಒಂದು ಅಕ್ಷರ ಬಿಟ್ಟು ಹೋಗಿತ್ತು. ಮತ್ತೆ ಮೊದಲಿನಿಂದ ಎಲ್ಲ ಮಾಡಿಸಬೇಕಾಯಿತು. ಹಳೇಟೇಪು ಅವರೇ, ನಿಮ್ಮ ಟೂಲ್ ಇಂಥದ್ದನ್ನೂ ಹೇಳಿದರೆ ದೊಡ್ಡ ಉಪಕಾರ. "63 ಅಕ್ಷರ ಇದೆ, 64ಕ್ಕೆ ಒಂದು ಕಡಿಮೆ, ನಕಲು ಮಾಡುವಾಗ ಬಿಟ್ಟಿರಬಹುದು" ಅಂತ.

ಹಳೇಟೇಪು:

ಇದು ನನಗೆ ಹೊಳೆದೇ ಇರಲಿಲ್ಲ. ಈಗಲೇ ಸೇರಿಸುತ್ತೇನೆ. ಸೊನ್ನೆಯ ಬದಲು ಇಂಗ್ಲಿಷಿನ ಓ ಅಕ್ಷರ, ಒಂದರ ಬದಲು ಎಲ್ ಅಕ್ಷರ ಬಂದಿದ್ದರೂ ಹೇಳಬೇಕು. ಕೈಬರಹದಲ್ಲಿ ಅದು ಜಾಸ್ತಿ.

ಟೂಲ್ ಹೇಳುವ ಮಾತುಗಳನ್ನೆಲ್ಲ ಕನ್ನಡದಲ್ಲೇ ಬರೆದಿದ್ದೇನೆ. ಅಪ್ಪನಿಗೂ ಓದಲು ಆಗಬೇಕು.

ನುಡಿಗಡಿ:

ಕನ್ನಡ ಅಂದ ಮೇಲೆ ಒಂದು ಎಚ್ಚರಿಕೆ. ಪಟ್ಟಿಯಲ್ಲಿ ಫೈಲಿನ ಹೆಸರು ಕನ್ನಡದಲ್ಲಿದ್ದರೆ "ಫೈಲ್ ಸಿಗಲಿಲ್ಲ" ಅನ್ನುವ ತೊಂದರೆ ಬರಬಹುದು. ನನಗೆ ಬಂದಿತ್ತು. "ಕೊ" ಅನ್ನುವುದನ್ನು ಯುನಿಕೋಡ್‌ನಲ್ಲಿ ಎರಡು ಥರ ಬರೆಯಬಹುದು. ಕ ಮತ್ತು ಒತ್ವದ ಚಿಹ್ನೆ ಸೇರಿಸಿದರೆ ಎರಡು ಸಂಕೇತ, 6 ಬೈಟ್. ಕ, ಎತ್ವ, ಅದರ ಮುಂದೆ ಊತ್ವದ ಕೊಂಬು ಅಂತ ಬಿಡಿಸಿ ಬರೆದರೆ ಮೂರು ಸಂಕೇತ, 9 ಬೈಟ್. ಪರದೆ ಮೇಲೆ ಎರಡೂ ಒಂದೇ. "ಕೋ" ಆದರೆ ಬಿಡಿಸಿದಾಗ 12 ಬೈಟ್ ಆಗುತ್ತದೆ. ಹಳೆಯ ಮ್ಯಾಕ್‌ಗಳ ಎಚ್‌ಎಫ್‌ಎಸ್ ಪ್ಲಸ್ ಡಿಸ್ಕ್‌ಗಳು ಫೈಲಿನ ಹೆಸರನ್ನು ಬಿಡಿಸಿಯೇ ಇಡುತ್ತಿದ್ದವು. ನನ್ನ ಪಟ್ಟಿ ಮ್ಯಾಕ್‌ನಲ್ಲಿ ಮಾಡಿದ್ದು, ತಾಳೆ ನೋಡಿದ್ದು ಲಿನಕ್ಸ್‌ನಲ್ಲಿ. "ಕೊಳಲು" ಅಂತ ಹೆಸರಿದ್ದ ಫೈಲ್ ಕಣ್ಣೆದುರಿಗೇ ಇದ್ದರೂ ಇಲ್ಲ ಅಂತ ಹೇಳಿತು. ಹೆಸರು ಹೋಲಿಸುವ ಮೊದಲು ಎರಡನ್ನೂ ಒಂದೇ ರೂಪಕ್ಕೆ ತನ್ನಿ.

ಹೆಸರಿಗೆ ಮಾತ್ರ ಹೀಗೆ ಮಾಡಿ. ಫೈಲಿನ ಒಳಗಿರುವುದನ್ನು ಮುಟ್ಟಬೇಡಿ, ಅಲ್ಲಿ ಒಂದು ಬೈಟ್ ಬದಲಾದರೂ ಚೆಕ್‌ಸಮ್ ಪೂರ್ತಿ ಬೇರೆಯಾಗುತ್ತದೆ. ಪದ್ಯಗಳನ್ನು ಟೈಪ್ ಮಾಡಿದ ಟೆಕ್ಸ್ಟ್ ಫೈಲ್ ಇದ್ದರೆ ವಿಂಡೋಸ್‌ನಲ್ಲಿ ಸಾಲಿನ ಕೊನೆಗೆ ಎರಡು ಬೈಟ್, ಲಿನಕ್ಸ್‌ನಲ್ಲಿ ಒಂದೇ. ಅಷ್ಟಕ್ಕೇ ತಾಳೆ ತಪ್ಪುತ್ತದೆ.

ಹಳೇಟೇಪು:

ನನ್ನ ಪಟ್ಟಿಯ ಹೆಸರುಗಳೆಲ್ಲ ಇಂಗ್ಲಿಷ್ ಅಕ್ಷರದಲ್ಲೇ ಇವೆ. ಆದರೂ ಟೂಲ್‌ಗೆ ಸೇರಿಸುತ್ತೇನೆ, ಬೇರೆಯವರಿಗೆ ಬೇಕಾಗಬಹುದು.

ಈಗ 61ರ ಸುದ್ದಿ. ಅಂಕಿಸಂಖ್ಯೆ ಹೇಳಿದಂತೆ ಮತ್ತೆ ಗಮನಿಸಿ ನೋಡಿದೆ. 61ರಲ್ಲಿ 9 ಸಾಲು ಬೇರೆ ಥರ ಇವೆ! ಉದ್ದ 32ವೇ. ಆದರೆ ಅವುಗಳಲ್ಲಿ ಎಂ, ಕ್ಯೂ, ಡಬ್ಲ್ಯು, ಝಡ್ ಎಲ್ಲ ಇವೆ. ಎಂಡಿ5ನಲ್ಲಿ ಎಫ್ ದಾಟಿ ಅಕ್ಷರ ಬರಬಾರದಲ್ಲ? ನನ್ನ ಟೂಲ್ ಉದ್ದ ಮಾತ್ರ ನೋಡುತ್ತಿತ್ತು, ಯಾವ ಅಕ್ಷರ ಇವೆ ಅಂತ ನೋಡುತ್ತಲೇ ಇರಲಿಲ್ಲ.

ಅಂಕಿಸಂಖ್ಯೆ:

ಆ 9 ಸಾಲಿನಲ್ಲಿ ಅಂಕಿಗಳು ಯಾವುವು? 0, 1, 8, 9 ಇವೆಯಾ?

ಹಳೇಟೇಪು:

ಈಗ ನೋಡಿದೆ. ಒಂದರಲ್ಲೂ ಇಲ್ಲ. 2ರಿಂದ 7 ಮಾತ್ರ.

ಅಂಕಿಸಂಖ್ಯೆ:

ಹಾಗಾದರೆ ಅದು ಬೇಸ್32. 26 ಅಕ್ಷರ ಮತ್ತು 2ರಿಂದ 7ರ ವರೆಗಿನ 6 ಅಂಕಿ, ಒಟ್ಟು 32. ಇಲ್ಲಿ ಒಂದು ಅಕ್ಷರಕ್ಕೆ 5 ಬಿಟ್. 32 ಅಕ್ಷರಕ್ಕೆ 160 ಬಿಟ್. 160 ಬಿಟ್ ಅಂದರೆ ಷಾ1! ಆ ಕಾಲದಲ್ಲಿ ನುಟೆಲ್ಲಾ ಎಂಬ ಫೈಲ್ ಹಂಚುವ ಜಾಲದ ಪ್ರೋಗ್ರಾಂಗಳು ಷಾ1 ಅನ್ನು ಹೀಗೇ ಬರೆಯುತ್ತಿದ್ದವು. ಹಳೆಯ ಮ್ಯಾಗ್ನೆಟ್ ಕೊಂಡಿಗಳಲ್ಲೂ ಇದು ಕಾಣುತ್ತದೆ. ಅಣ್ಣನ ಕಂಪ್ಯೂಟರಿನಲ್ಲಿ ಫೈಲ್ ಹಂಚುವ ಪ್ರೋಗ್ರಾಂ ಯಾವುದಾದರೂ ಇತ್ತಾ?

ಹಳೇಟೇಪು:

ಇತ್ತು, ಎರಡು ಇದ್ದವು. ದುಬೈಯಲ್ಲಿದ್ದ ಸಂಬಂಧಿಕರಿಗೆ ಈ ರೆಕಾರ್ಡಿಂಗ್ ಕಳಿಸಲು ಹಾಕಿಕೊಂಡಿದ್ದ. ಬೇಸ್32 ಬಿಡಿಸಿ ಷಾ1 ಓಡಿಸುತ್ತೇನೆ.

ಆಯಿತು! 9ಕ್ಕೆ 9ರೂ ತಾಳೆ. ಕೈ ನಡುಗುತ್ತಿದೆ, ನಿಜವಾಗಿ.

ಜಾಲಗಾರ್ತಿ:

ವೆಬ್ ಕೆಲಸ ಮಾಡುವವರ ಕಡೆಯಿಂದ ಒಂದು ಸೇರಿಕೆ. ನಮ್ಮಲ್ಲಿ ಬೇಸ್64 ಜಾಸ್ತಿ. ಅದರಲ್ಲಿ ಒಂದು ಅಕ್ಷರಕ್ಕೆ 6 ಬಿಟ್. ಎಂಡಿ5 ಆದರೆ 24 ಅಕ್ಷರ, ಷಾ1 ಆದರೆ 28, ಷಾ256 ಆದರೆ 44, ಷಾ512 ಆದರೆ 88. ಕೊನೆಗೆ ಒಂದೋ ಎರಡೋ ಸಮ ಚಿಹ್ನೆ ಇರುತ್ತದೆ. ಷಾ384 ಮಾತ್ರ ಸರಿಯಾಗಿ 64 ಅಕ್ಷರಕ್ಕೆ ಮುಗಿಯುತ್ತದೆ, ಸಮ ಚಿಹ್ನೆ ಇಲ್ಲ. ಅಂದರೆ ಷಾ256ರ ಹೆಕ್ಸ್ ರೂಪದಷ್ಟೇ ಉದ್ದ! ಉದ್ದ ಮಾತ್ರ ನೋಡುವ ಟೂಲ್ ಇಲ್ಲಿ ಖಂಡಿತ ಎಡವುತ್ತದೆ. ವೆಬ್ ಪುಟದಲ್ಲಿ ಸ್ಕ್ರಿಪ್ಟ್‌ನ ಚೆಕ್‌ಸಮ್ ಕೊಡುವಾಗ ಮುಂದೆಯೇ "ಷಾ384-" ಅಂತ ಬರೆಯುವ ಪದ್ಧತಿ ಇದೆ. ಜಾವಾಸ್ಕ್ರಿಪ್ಟ್ ಪ್ಯಾಕೇಜ್ ತರಿಸುವ ಎನ್‌ಪಿಎಂನ ಲಾಕ್ ಫೈಲಿನಲ್ಲೂ "ಷಾ512-" ಅಂತ ಹೆಸರು ಮೊದಲು, ಮೊತ್ತ ಆಮೇಲೆ. ನೋಡಿದ ಕೂಡಲೇ ಗೊತ್ತಾಗುತ್ತದೆ. ಎಲ್ಲರೂ ಹೀಗೇ ಬರೆದರೆ ಎಷ್ಟು ಚೆನ್ನ.

ನಿಮ್ಮ ಟೂಲ್ ಸಾಲಿನ ಮುಂದಿರುವ ಇಂಥ ಹೆಸರನ್ನು ಕಿತ್ತು ಎಸೆಯುತ್ತಿದೆಯಾ ನೋಡಿಕೊಳ್ಳಿ. ಬಿಎಸ್‌ಡಿ ಎಂಬ ಯುನಿಕ್ಸ್ ಬಗೆಯ ಸಿಸ್ಟಮ್‌ಗಳ ಕಡೆಯ ಪಟ್ಟಿಗಳಲ್ಲೂ ಬಗೆಯ ಹೆಸರು, ಆವರಣದಲ್ಲಿ ಫೈಲಿನ ಹೆಸರು, ಆಮೇಲೆ ಸಮ ಚಿಹ್ನೆ, ಚೆಕ್‌ಸಮ್ ಅಂತ ಇರುತ್ತದೆ. ಹೆಸರು ಕೊಟ್ಟಿದ್ದರೆ ಅದನ್ನೇ ಮೊದಲು ಪ್ರಯತ್ನಿಸಬೇಕು.

ಗುಬ್ಬಚ್ಚಿ:

ವಿಂಡೋಸ್‌ನವರಿಗೂ ಹೇಳಿ. ನನ್ನ ಹಳೆಯ ವಿಂಡೋಸ್ 7ರಲ್ಲಿ ಸರ್ಟ್‌ಯುಟಿಲ್ ಓಡಿಸಿದರೆ ಎರಡೆರಡು ಅಕ್ಷರಕ್ಕೆ ಒಂದು ಖಾಲಿ ಜಾಗ ಬಿಟ್ಟು ತೋರಿಸುತ್ತದೆ. ಹೊಸದರಲ್ಲಿ ಪವರ್‌ಶೆಲ್‌ನ ಗೆಟ್-ಫೈಲ್‌ಹ್ಯಾಶ್ ಎಲ್ಲವನ್ನೂ ದೊಡ್ಡಕ್ಷರದಲ್ಲಿ ಕೊಡುತ್ತದೆ. ಎರಡೂ ಬೇರೆ ಅಂದುಕೊಂಡು ಒಂದು ಇಡೀ ಸಂಜೆ ಒದ್ದಾಡಿದ್ದೆ.

ಹಳೇಟೇಪು:

ಅದಕ್ಕೇ ಖಾಲಿ ಜಾಗ ಮೊದಲು ತೆಗೆಯುತ್ತೇನೆ. ಆದರೆ ಜಾಲಗಾರ್ತಿ ಹೇಳಿದ ಮೇಲೆ ಒಂದು ತಪ್ಪು ಕಂಡಿತು. ನಾನು ಎಲ್ಲವನ್ನೂ ಚಿಕ್ಕಕ್ಷರ ಮಾಡುತ್ತಿದ್ದೆ. ಬೇಸ್64ರಲ್ಲಿ ದೊಡ್ಡಕ್ಷರ, ಚಿಕ್ಕಕ್ಷರ ಬೇರೆ ಬೇರೆ, ಹಾಗೆ ಮಾಡಿದರೆ ಅರ್ಥವೇ ಕೆಡುತ್ತದೆ. ಈಗ ಅಕ್ಷರಗಳನ್ನು ಪರೀಕ್ಷಿಸಿ ಹೆಕ್ಸ್ ಅಂತ ಖಚಿತವಾದ ಮೇಲೆ ಮಾತ್ರ ಚಿಕ್ಕದು ಮಾಡುತ್ತೇನೆ.

ಉಳಿದದ್ದು 52. ಎಲ್ಲವೂ ಸರಿಯಾದ ಹೆಕ್ಸ್. ಎಂಡಿ4 ಪ್ರಯತ್ನಿಸೋಣ ಅಂದರೆ ಪೈಥಾನ್ "ಬೆಂಬಲ ಇಲ್ಲ" ಅನ್ನುತ್ತಿದೆ.

ಅಂಕಿಸಂಖ್ಯೆ:

ಅದು ಪೈಥಾನ್ ಈ ಲೆಕ್ಕಗಳಿಗೆ ನೆಚ್ಚಿಕೊಂಡಿರುವ ಓಪನ್‌ಎಸ್‌ಎಸ್‌ಎಲ್ 3ರ ಕಾರಣ. ಎಂಡಿ4 ಅನ್ನು ಹಳೆಯವುಗಳ ಗುಂಪಿಗೆ ಸರಿಸಿ, ತಾನಾಗಿ ಸಿಗದಂತೆ ಮಾಡಿದ್ದಾರೆ. ಆರ್‌ಹ್ಯಾಶ್ ಅನ್ನುವ ಪ್ರೋಗ್ರಾಂ ಹಾಕಿಕೊಳ್ಳಿ. ಅದರಲ್ಲಿ ಎಂಡಿ4, ಟೈಗರ್, ವರ್ಲ್‌ಪೂಲ್ ಎಲ್ಲ ಇವೆ.

ಹಳೇಟೇಪು:

ಹಾಕಿದೆ. ವಿಚಿತ್ರ ನೋಡಿ. 52ರಲ್ಲಿ 31 ಎಂಡಿ4ಗೆ ತಾಳೆ ಆದವು. 21 ಆಗಲಿಲ್ಲ. ಆದ 31ರಲ್ಲಿ ಎಲ್ಲವೂ ಚಿಕ್ಕ ಪದ್ಯಗಳು. ಆಗದವುಗಳಲ್ಲಿ ಹೆಚ್ಚಿನವು ಇಡೀ ಬದಿಯವು.

ಅಂಕಿಸಂಖ್ಯೆ:

ತಾಳೆ ಆದವುಗಳಲ್ಲಿ ಎಲ್ಲಕ್ಕಿಂತ ದೊಡ್ಡ ಫೈಲ್ ಎಷ್ಟು? ಆಗದ ದೊಡ್ಡ ಫೈಲುಗಳಲ್ಲಿ ಎಲ್ಲಕ್ಕಿಂತ ಚಿಕ್ಕದು ಎಷ್ಟು?

ಹಳೇಟೇಪು:

ಆದವುಗಳಲ್ಲಿ ದೊಡ್ಡದು ಸುಮಾರು 94 ಲಕ್ಷ ಬೈಟ್. ಆಗದವುಗಳಲ್ಲಿ ನಾಲ್ಕು ಪುಟ್ಟ ಫೈಲ್ ಇವೆ. ಅವನ್ನು ಬಿಟ್ಟರೆ ಚಿಕ್ಕದು 1 ಕೋಟಿ 1 ಲಕ್ಷ.

ಅಂಕಿಸಂಖ್ಯೆ:

ಸಿಕ್ಕಿತು. ಗಡಿ 97,28,000 ಬೈಟ್‌ನಲ್ಲಿದೆ. ಇದು ಇಡಾಂಕಿ ಎಂಬ ಫೈಲ್ ಹಂಚುವ ಜಾಲದ ಹ್ಯಾಶ್. ಅವರು ಫೈಲನ್ನು 97,28,000 ಬೈಟ್‌ನ ತುಂಡುಗಳಾಗಿ ಕತ್ತರಿಸುತ್ತಾರೆ. ಪ್ರತಿ ತುಂಡಿಗೂ ಎಂಡಿ4 ಹಾಕಿ, ಬಂದ ಮೊತ್ತಗಳನ್ನೆಲ್ಲ ಸಾಲಾಗಿ ಜೋಡಿಸಿ, ಅದಕ್ಕೆ ಮತ್ತೊಮ್ಮೆ ಎಂಡಿ4 ಹಾಕುತ್ತಾರೆ. ಫೈಲ್ ಒಂದೇ ತುಂಡಿಗೆ ಮುಗಿದರೆ ಅದರ ಎಂಡಿ4 ಅಷ್ಟೇ, ಬೇರೇನೂ ಇಲ್ಲ. 128 ಕೆಬಿಪಿಎಸ್ ಎಂಪಿ3 ಆದರೆ ಸೆಕೆಂಡಿಗೆ 16,000 ಬೈಟ್, ಹಾಗಾಗಿ ಗಡಿ ಬೀಳುವುದು 10 ನಿಮಿಷ 8 ಸೆಕೆಂಡಿಗೆ. 45 ನಿಮಿಷದ ಒಂದು ಬದಿ 4 ಕೋಟಿ 32 ಲಕ್ಷ ಬೈಟ್, ಐದು ತುಂಡು. ಐದು ಮೊತ್ತ ಸೇರಿ 80 ಬೈಟ್, ಅದರ ಎಂಡಿ4 ನಿಮ್ಮ ಪಟ್ಟಿಯಲ್ಲಿದೆ.

ಆರ್‌ಹ್ಯಾಶ್‌ನಲ್ಲಿ ಇಡಿ2ಕೆ ಅಂತಲೇ ಕೇಳಿ, ಅದು ಕೊಡುತ್ತದೆ.

ಹಳೇಟೇಪು:

17 ತಾಳೆ ಆದವು. ದೊಡ್ಡವು ಎಲ್ಲಾ ಆದವು.

ಅಣ್ಣ ಮೂರು ಬೇರೆ ಬೇರೆ ಕಡೆಯಿಂದ ನಕಲು ಮಾಡಿ ಒಂದೇ ಪಟ್ಟಿಗೆ ಅಂಟಿಸಿದ್ದ ಅಂತ ಈಗ ತಿಳಿಯುತ್ತಿದೆ. ಯಾವ ಫೈಲನ್ನು ಯಾವ ಪ್ರೋಗ್ರಾಂನಲ್ಲಿ ಹಾಕಿ ಕಳಿಸಿದನೋ ಅಲ್ಲಿಂದಲೇ ತೆಗೆದಿದ್ದಾನೆ. ಹದಿನೈದು ವರ್ಷದ ಹಿಂದೆ ಆ ಮೇಜಿನ ಮುಂದೆ ಅವನು ಕೂತಿದ್ದು ಕಣ್ಣಿಗೆ ಕಟ್ಟಿತು.

ಇನ್ನು ಆ ನಾಲ್ಕು ಪುಟ್ಟ ಫೈಲ್ ಮಾತ್ರ. ಎಂಡಿ5, ಎಂಡಿ4 ಎರಡೂ ಆಗುತ್ತಿಲ್ಲ.

ಘಟ್ಟದಕೆಳಗೆ:

ಎಂಪಿ3 ಅಂತೀರಿ. ಯಾರಾದರೂ ಹಾಡಿನ ಹೆಸರು, ಭಾಗವತರ ಹೆಸರು ತುಂಬಿಸಿದ್ದಾರಾ? ಕೆಲವು ಪ್ಲೇಯರ್‌ಗಳು ಅದನ್ನು ಫೈಲಿನ ಒಳಗೇ ಬರೆಯುತ್ತವೆ. ಹಳೆಯ ಐಡಿ3 ಟ್ಯಾಗ್ ಆದರೆ ಫೈಲಿನ ಕೊನೆಯ 128 ಬೈಟ್. ಅದು ಟಿ, ಎ, ಜಿ ಅನ್ನುವ ಮೂರು ಅಕ್ಷರದಿಂದ ಶುರುವಾಗುತ್ತದೆ. ಧ್ವನಿ ಒಂದಿಷ್ಟೂ ಬದಲಾಗಿರುವುದಿಲ್ಲ, ಚೆಕ್‌ಸಮ್ ಮಾತ್ರ ಬದಲಾಗುತ್ತದೆ. ನಕಲು ಮಾಡಿಕೊಂಡು, ನಕಲಿನ ಕೊನೆಯ 128 ಬೈಟ್ ಕತ್ತರಿಸಿ ನೋಡಿ.

ಹಳೇಟೇಪು:

ಎರಡರಲ್ಲಿ ಇತ್ತು. ಭಾಗವತರ ಹೆಸರು ಹಾಕಿದ್ದಾರೆ, ಬಹುಶಃ ಅಪ್ಪನೇ ಆಮೇಲೆ ಹಾಕಿರಬೇಕು. ಕತ್ತರಿಸಿದ ನಕಲಿನಲ್ಲಿ ಎಂಡಿ5 ಸರಿಯಾಗಿ ಕೂತಿತು. ಹೆಸರಿರುವ ಫೈಲನ್ನೇ ಇಟ್ಟುಕೊಳ್ಳುತ್ತೇನೆ. ಹೊಸ ಚೆಕ್‌ಸಮ್ ಬರೆದು, ಪಕ್ಕದಲ್ಲಿ ಕಾರಣವನ್ನೂ ಬರೆದಿಡುತ್ತೇನೆ.

ಉಳಿದ ಎರಡಕ್ಕೆ ಟ್ಯಾಗ್ ಇಲ್ಲ. ಈಗ ಹಳೆಯ ಡಿಸ್ಕ್ ಹಚ್ಚಿ ಆ ಎರಡನ್ನು ಮಾತ್ರ ಮತ್ತೊಮ್ಮೆ ಇಳಿಸಿದೆ. ಒಂದು ಈ ಸಲ ಸರಿಯಾಗಿ ಬಂತು, ತಾಳೆ ಆಯಿತು. ಇನ್ನೊಂದು ಮೂರು ಸಲ ಓದಿದರೂ ಪ್ರತಿ ಸಲ ಬೇರೆ ಬೇರೆ ಮೊತ್ತ ಬರುತ್ತಿದೆ. ಕೇಳಿದರೆ ಮಧ್ಯದಲ್ಲಿ ಚೆಂಡೆ ಪೆಟ್ಟಿನ ಹತ್ತಿರ ಒಂದು ಕಡೆ ಕಿರ್ ಅಂತ ಹರಿಯುತ್ತದೆ. ಅದು ನಿಜವಾಗಿ ಕೆಟ್ಟಿದೆ.

ಅಂಕಿಸಂಖ್ಯೆ:

ಪ್ರತಿ ಸಲ ಬೇರೆ ಮೊತ್ತ ಬಂದರೆ ಆ ಜಾಗದಲ್ಲಿ ಡಿಸ್ಕ್ ಸೋಲುತ್ತಿದೆ. ಇನ್ನು ಅದನ್ನು ಓಡಿಸಬೇಡಿ. 412ರಲ್ಲಿ 411 ಉಳಿದಿವೆ.

ಹೊಸ ಪಟ್ಟಿ ಮಾಡುವಾಗ ಎಲ್ಲವಕ್ಕೂ ಷಾ256 ಹಾಕಿ, ಮೊದಲ ಸಾಲಿನಲ್ಲೇ ಬಗೆ, ದಿನಾಂಕ ಬರೆಯಿರಿ. ಹಳೆಯ ಪಟ್ಟಿಯನ್ನೂ ಎಸೆಯಬೇಡಿ.

ಹಳೇಟೇಪು:

ಅಣ್ಣನ ಪಟ್ಟಿ ಹೇಗಿತ್ತೋ ಹಾಗೇ ಇರುತ್ತದೆ. ಅದಕ್ಕೂ ಒಂದು ಷಾ256 ಹಾಕಿದ್ದೇನೆ.

ಕೆಟ್ಟ ಆ ಒಂದು ಪದ್ಯದ ಮೂಲ ಕ್ಯಾಸೆಟ್ ಅಟ್ಟದ ಮೇಲೆ ಸಿಕ್ಕಿತು. ಟೇಪ್‌ಗೆ ಬೂಸಲು ಬಂದಿಲ್ಲ. ಓಡಿಸಲು ಡೆಕ್ ಇಲ್ಲ, ನಮ್ಮದರ ಬೆಲ್ಟ್ ಕರಗಿ ಅಂಟಾಗಿದೆ. ಯಾರ ಹತ್ತಿರವಾದರೂ ಸರಿಯಾಗಿ ಓಡುವ ಕ್ಯಾಸೆಟ್ ಡೆಕ್ ಇದೆಯಾ?

ಘಟ್ಟದಕೆಳಗೆ:

ನನ್ನ ಹತ್ತಿರ ಇದೆ. ಹೋದ ವರ್ಷವೇ ಬೆಲ್ಟ್ ಹೊಸದು ಹಾಕಿಸಿದ್ದೇನೆ. ಕ್ಯಾಸೆಟ್ ಅಂಚೆಯಲ್ಲಿ ಕಳಿಸಬೇಡಿ, ಭಾನುವಾರ ನಾನೇ ಡೆಕ್ ಕಾರಿನಲ್ಲಿ ಹಾಕಿಕೊಂಡು ಬರುತ್ತೇನೆ. ಖಾಸಗಿ ಸಂದೇಶದಲ್ಲಿ ಊರು ತಿಳಿಸಿ.